ಯಾರ ಕೈ ಯಾರ ಜೊತೆ ಎದ್ದಿತು?

ಹೊಟ್ಟೆಕಿಚ್ಚು ಎಲ್ಲ ಗಂಡಂದಿರಿಗೂ ಇರುತ್ತದೆ. ಆದರೆ ಮಿಕ್ಕವರದು ಬೆಂಕಿಕಡ್ಡಿಯ ಜಾತಿ. ಗೀರಿದಾಗ ಹೊತ್ತಿ, ಬೆರಳು ಸುಡುವುದರೊಳಗೆ ಆರಿಹೋಗುತ್ತದೆ. ತಕ್ಕಡಿರಾಯರದು ಮಾತ್ರ ನಂದಾದೀಪ. ಅದಕ್ಕೆ ಎಣ್ಣೆ ಬೇಡ, ಬತ್ತಿ ಬೇಡ, ಕಾರಣವಂತೂ ಬೇಡವೇ ಬೇಡ.

ಅದರ ಬಗ್ಗೆ ಊರಿನಲ್ಲಿ ಪುರಾಣಗಳೇ ಹುಟ್ಟಿಕೊಂಡಿದ್ದವು. ರೇಡಿಯೋದಲ್ಲಿ ಹವಾಮಾನ ವರದಿ ಓದುವವನೊಬ್ಬನ ದನಿ ಕೇಳಿ ಅವರ ಹೆಂಡತಿ ಒಮ್ಮೆ, "ಎಷ್ಟು ಚೆನ್ನಾಗಿ ಓದ್ತಾರಲ್ಲ!" ಎಂದುಬಿಟ್ಟರು. ಅಷ್ಟೇ. ಆ ಮಳೆಗಾಲವಿಡೀ ರಾಯರು ಕೊಡೆ ಹಿಡಿಯಲಿಲ್ಲ. ಆ ಮನುಷ್ಯ ಮಳೆ ಬರುತ್ತದೆ ಎಂದರೆ ಬರುವುದಿಲ್ಲ ಎಂದು ಇವರ ಹಟ. ಮಳೆ ಬಂತು. ರಾಯರು ನೆನೆದರು, ಸೀನಿದರು, ಜ್ವರ ಬಂದು ಮಲಗಿದರು. ಆದರೂ ಆ ದನಿಯನ್ನು ನಂಬಲಿಲ್ಲ. ಇನ್ನೊಂದು ವರ್ಷ ಗೋಡೆಯ ಕ್ಯಾಲೆಂಡರಿನಲ್ಲಿ ಪರ್ವತ ಏರುವವನೊಬ್ಬನ ಚಿತ್ರ ಬಂದಿತ್ತು. ಅಗಲ ಎದೆ, ಬಿಸಿಲಿಗೆ ಕಂದಿದ ಮುಖ, ದೂರದ ಶಿಖರವನ್ನು ನೋಡುವ ಕಣ್ಣು. ಹೆಂಡತಿ ಆ ಕಡೆ ಎರಡು ಸಲ ನೋಡಿದ್ದೇ ತಡ, ರಾಯರು ಹಾಳೆ ಮಗುಚಿದರು. ಅವರ ಮನೆಯಲ್ಲಿ ಆ ತಿಂಗಳು ಅರ್ಧಕ್ಕೇ ಮುಗಿಯಿತು. (ಆಕೆ ನೋಡಿದ್ದು ಹಾಲಿನವನು ಬಾರದ ದಿನಕ್ಕೆ ಗುರುತು ಹಾಕಿದೆನೋ ಇಲ್ಲವೋ ಎಂದು.)

ಉಳಿದಂತೆ ರಾಯರು ಚಿನ್ನದಂಥ ಮನುಷ್ಯ. ತಕ್ಕಡಿ ರಿಪೇರಿ ಅವರ ಕಸುಬು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಅಂಗಡಿ. ಒಳಗೆ ಹೆಜ್ಜೆ ಇಡಲು ಜಾಗವಿಲ್ಲದಷ್ಟು ತಕ್ಕಡಿಗಳು. ಹಳೆಯ ಕಬ್ಬಿಣದ ದಂಡಿನವು, ಸ್ಪ್ರಿಂಗಿನವು, ಅಂಕಿ ಮಿನುಗುವ ಹೊಸವು. ಗುಲಗಂಜಿಯಷ್ಟು ವ್ಯತ್ಯಾಸವಿದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಕಷ್ಟವೇನೆಂದರೆ, ಸಂಜೆ ಅಂಗಡಿ ಮುಚ್ಚಿದ ಮೇಲೂ ಅವರು ತೂಗುವುದನ್ನು ನಿಲ್ಲಿಸುತ್ತಿರಲಿಲ್ಲ.

"ಲೇ, ಬೆಳಿಗ್ಗೆ ಪೋಸ್ಟ್‌ಮ್ಯಾನ್ ಹತ್ತಿರ ನಕ್ಕೆಯಲ್ಲ, ಪೂರ್ತಿ ಹಲ್ಲು ಕಾಣ್ತಿತ್ತು. ನನ್ನ ಹತ್ತಿರ ನಕ್ಕಾಗ ಮುಕ್ಕಾಲೇ ಕಾಣೋದು."

"ಅವರು ಕಾಗದ ತಂದುಕೊಟ್ರು ರೀ. ನೀವು ಒದ್ದೆ ಟವೆಲ್ ತಂದು ಹಾಸಿಗೆ ಮೇಲೆ ಹಾಕಿದ್ರಿ."

ಹೀಗೆ ಸಾಗಿತ್ತು ಸಂಸಾರ. ಅಷ್ಟರಲ್ಲಿ ಆಕೆ ನಗರಸಭೆಗೆ ನಿಂತು ಗೆದ್ದುಬಿಟ್ಟರು.

ಆಕೆ ಟೈಪಿಂಗ್ ಕಲಿಸುತ್ತಿದ್ದವರು. ವಾರ್ಡಿನ ಅರ್ಧ ಜನ ಅವರ ಕೈಕೆಳಗೆ ಕೀಲಿ ಕುಟ್ಟಿದವರೇ ಆದ್ದರಿಂದ ಎಲ್ಲರ ಬಾಯಲ್ಲೂ ಅವರು 'ಮೇಡಂ'. ಮೇಡಂ ಗೆದ್ದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ರಾಯರೇ. ಅವರ ಕೈ ನಿಂತದ್ದು ಮೊದಲ ಸಭೆಯ ದಿನ, ಮೇಡಂ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದ ಒಂದು ಮಾತಿಗೆ.

"ಸಭೇಲಿ ವಾರ್ಡಿನ ನಂಬರ್ ಪ್ರಕಾರ ಕೂರಿಸ್ತಾರೆ. ನನ್ನ ಪಕ್ಕ ಬೇಕರಿಯವರು. ಒಳ್ಳೆ ಮನುಷ್ಯ."

ಬೇಕರಿಯವರು ಪಕ್ಕದ ವಾರ್ಡಿನ ಸದಸ್ಯರು. ಆಗತಾನೆ ಒಲೆಯಿಂದ ತೆಗೆದ ಬ್ರೆಡ್ಡಿನಂಥ ಮೈಬಣ್ಣ, ತುದಿಯಲ್ಲಿ ತಿರುವಿದ ಮೀಸೆ. ಮಾತಾಡಿದರೆ ಖಾಲಿ ಡ್ರಮ್ಮಿನೊಳಗಿಂದ ಬಂದಂಥ ಗಂಭೀರವಾದ ದನಿ. ರಾಯರ ಹೊಟ್ಟೆಯಲ್ಲಿ ಅಂದು ಹೊತ್ತಿದ ಉರಿಯಲ್ಲಿ ಆ ಬೇಕರಿಯವರು ಎರಡು ದಿನದ ಬನ್ನು ಸುಟ್ಟುಕೊಳ್ಳಬಹುದಿತ್ತು.

ಮಾರನೆಯ ದಿನದಿಂದ ಮನೆಯಲ್ಲಿ ಬ್ರೆಡ್ ನಿಂತಿತು. ವಾರ್ಡುಗಳ ನಂಬರನ್ನು 'ವೈಜ್ಞಾನಿಕವಾಗಿ' ಬದಲಾಯಿಸಬೇಕೆಂದು ರಾಯರು ನಗರಸಭೆಗೆ ಅರ್ಜಿಯನ್ನೂ ಹಾಕಿದರು. ನಗರಸಭೆ ಎಲ್ಲ ಅರ್ಜಿಗಳಿಗೂ ಕೊಡುವ ಉತ್ತರವನ್ನೇ ಅದಕ್ಕೂ ಕೊಟ್ಟಿತು. ಅಂದರೆ ಏನೂ ಕೊಡಲಿಲ್ಲ.

ಸಭೆಯ ದಿನಗಳಲ್ಲಿ ರಾತ್ರಿ ಊಟಕ್ಕೆ ಕೂತಾಗ ವಿಚಾರಣೆ ಶುರುವಾಗುತ್ತಿತ್ತು.

"ಇವತ್ತು ಏನಾಯ್ತು?"

"ಚರಂಡಿ."

"ಚರಂಡಿಗೆ ಯಾರ್ಯಾರು ಕೈ ಎತ್ತಿದ್ರು?"

"ತುಂಬಾ ಜನ ಎತ್ತಿದ್ರು."

"ತುಂಬಾ ಜನ ಸರಿ. ನೀನು?"

"ಎತ್ತಿದೆ."

"ನಿನ್ನ ಪಕ್ಕದವರು?"

"ರೀ, ಊಟ ಆರ್ತಾ ಇದೆ."

ಊಟ ಆರುತ್ತಿತ್ತು, ರಾಯರು ಆರುತ್ತಿರಲಿಲ್ಲ. ಒಂದೇ ಬೆಂಚು, ಒಂದೇ ಹೊತ್ತಿಗೆ ಮೇಲೇಳುವ ಎರಡು ಕೈ: ಆಕೆಯ ಬಲಗೈ, ಅವನ ಎಡಗೈ. (ಅವನು ಎಡಚ ಎಂಬುದನ್ನು ರಾಯರು ಬೇಕರಿಯ ಎದುರು ಬಹಳ ಹೊತ್ತು ನಿಂತು ಪತ್ತೆಹಚ್ಚಿದ್ದರು.) ಮೇಲೇಳುವಾಗ ಮೊಣಕೈಗೆ ಮೊಣಕೈ ತಾಗದೆ ಇದ್ದೀತೆ? ಕಣ್ಣಾರೆ ನೋಡಿಬಿಡೋಣವೆಂದರೆ ಪ್ರೇಕ್ಷಕರ ಗ್ಯಾಲರಿಯಲ್ಲಿ ಮುರಿದ ಕುರ್ಚಿ ಪೇರಿಸಿ ಬೀಗ ಜಡಿದಿದ್ದರು. ನಡಾವಳಿ ಓದೋಣವೆಂದರೆ ಅದರಲ್ಲಿ ಯಾವಾಗಲೂ ಒಂದೇ ವಾಕ್ಯ: 'ಚರ್ಚಿಸಿ, ಬಹುಮತದಿಂದ ಅಂಗೀಕರಿಸಲಾಯಿತು.' ಆ ಬಹುಮತದಲ್ಲಿ ಯಾರಿದ್ದರು, ಯಾರ ಪಕ್ಕದಲ್ಲಿದ್ದರು, ಎಷ್ಟು ಹತ್ತಿರದಲ್ಲಿದ್ದರು, ಒಂದೂ ಇಲ್ಲ. ಜನರ ಪ್ರತಿನಿಧಿಗಳು ಯಾವುದಕ್ಕೆ ಕೈ ಎತ್ತಿದರೆಂದು ಜನರಿಗೇ ತಿಳಿಯದು! ಇದೇನು ಪ್ರಜಾಪ್ರಭುತ್ವವೋ, ಮುಸುಕಿನೊಳಗಿನ ಗುದ್ದಾಟವೋ?

ಹೀಗೆ ಹೊಟ್ಟೆಯಲ್ಲಿ ಹುಟ್ಟಿದ ಕಿಚ್ಚು ತಲೆಗೇರಿತು. ತಲೆಗೇರಿದ ಮೇಲೆ ಅದಕ್ಕೆ 'ಪಾರದರ್ಶಕತೆ' ಎಂದು ಹೆಸರಾಯಿತು.

ರಾಯರು ಎದ್ದು ನಿಂತರು. ತಾವು ರಿಪೇರಿಗೆ ಹೋಗುವ ಅಂಗಡಿಗಳಿಗೆಲ್ಲ ಮನವಿಪತ್ರ ಹಿಡಿದು ನಡೆದರು. "ಪ್ರತಿಯೊಂದು ಠರಾವಿಗೂ ಪ್ರತಿಯೊಬ್ಬ ಸದಸ್ಯ ಹಾಕಿದ ಮತವನ್ನು ಹೆಸರು ಸಮೇತ ದಾಖಲಿಸಬೇಕು, ಹೆಬ್ಬಾಗಿಲಿನ ಪಕ್ಕ ಹಲಗೆಯ ಮೇಲೆ ಹಾಕಬೇಕು! ಮುಂದಿನ ಚುನಾವಣೆಯಲ್ಲಿ ಜನ ಅದನ್ನು ನೋಡಿ ತೂಗಿ ಮತ ಹಾಕಬೇಕು!" ಅಂಗಡಿಯವರು ಹಿಂದುಮುಂದು ನೋಡದೆ ಸಹಿ ಹಾಕಿದರು. ತಮ್ಮ ತಕ್ಕಡಿಯ ಒಳಗುಟ್ಟು ಬಲ್ಲ ಮನುಷ್ಯ ಎದುರಿಗೆ ಬಂದು ಪಾರದರ್ಶಕತೆ ಎಂದರೆ ಯಾವ ವ್ಯಾಪಾರಿ ತಾನೇ ಬೇಡ ಎಂದಾನು?

ಪತ್ರಿಕೆಯಲ್ಲಿ ರಾಯರ ಫೋಟೋ ಬಂತು: ಕೈಯಲ್ಲಿ ತಕ್ಕಡಿ, ಕಣ್ಣಲ್ಲಿ ಕಿಡಿ. ಆ ಕಿಡಿ ಯಾವ ಒಲೆಯದೆಂದು ತಿಳಿಯದ ಓದುಗರು ಅದು ಸತ್ಯದ ಕಿಡಿಯೇ ಇರಬೇಕೆಂದು ಭಾವಿಸಿದರು. ರಸ್ತೆಯಲ್ಲಿ ಅಪರಿಚಿತರು ನಿಲ್ಲಿಸಿ ಕೈ ಕುಲುಕಿದರು. ನಿವೃತ್ತ ಮೇಷ್ಟರೊಬ್ಬರು, "ನಿಮ್ಮಂಥವರು ಇನ್ನೂ ಇದ್ದಾರಲ್ಲ!" ಎಂದು ಗದ್ಗದಿತರಾದರು. ರಾಯರಿಗೂ ಕ್ರಮೇಣ ತಮ್ಮ ಮೇಲೆ ಭಕ್ತಿ ಹುಟ್ಟಿತು.

ಒಂದು ಸಂಜೆ ಮೇಡಂ ಬಟ್ಟೆ ಮಡಿಸುತ್ತಾ ಮೆಲ್ಲಗೆ ಕೇಳಿದರು. "ರೀ, ನಿಜ ಹೇಳಿ. ಇದೆಲ್ಲ ಊರಿಗೋಸ್ಕರಾನಾ?"

"ಇನ್ಯಾರಿಗೋಸ್ಕರ? ಊರಿಗೋಸ್ಕರ! ಮುಂದಿನ ಪೀಳಿಗೆಗೋಸ್ಕರ!"

"ಬೇಕರಿಗೋಸ್ಕರ ಅಲ್ಲ ತಾನೇ?"

"ಬೇಕರಿನಾ? ಯಾವ ಬೇಕರಿ? ಊರಲ್ಲಿ ಬೇಕರಿ ಇದೆಯಾ?"

ಮೇಡಂ ಅಂಗಿಯ ತೋಳನ್ನು ಎಳೆದು ನೇರ ಮಾಡಿ ಮಡಿಸಿಟ್ಟರು. "ಸರಿ," ಎಂದರು. ಹೆಂಡತಿಯ ಒಂದು 'ಸರಿ'ಗೆ ಎಷ್ಟು ತೂಕವಿರುತ್ತದೆ ಎಂಬುದನ್ನು ಅಳೆಯಲು ಇನ್ನೂ ತಕ್ಕಡಿ ಹುಟ್ಟಿಲ್ಲ.

ನಗರಸಭೆ ಮಣಿಯಿತು. ಠರಾವು ಮಂಡನೆಯಾಗಿ, ಮತಕ್ಕೆ ಬಂದು, ಪಾಸಾಯಿತು. ಹೆಬ್ಬಾಗಿಲಿನ ಪಕ್ಕ ದೊಡ್ಡ ಹಲಗೆ ನಿಂತಿತು. ಮೇಲ್ಗಡೆ ಸಾಲಾಗಿ ಸದಸ್ಯರ ಹೆಸರು, ಎಡಗಡೆ ಠರಾವುಗಳು. ಪರವಾಗಿ ಕೈ ಎತ್ತಿದವರಿಗೆ ಹಸಿರು ಬೊಟ್ಟು, ವಿರುದ್ಧ ಎತ್ತಿದವರಿಗೆ ಕೆಂಪು ಬೊಟ್ಟು. ಮೊದಲನೆಯ ಸಾಲಿನಲ್ಲಿ ಈ ಹಲಗೆಯನ್ನು ಹಾಕಬೇಕೆಂಬ ಠರಾವೇ ಇತ್ತು. ರಾಯರು ಜನರನ್ನು ಮೊಣಕೈಯಿಂದ ಸರಿಸಿ ಮುಂದೆ ನುಗ್ಗಿ ನೋಡಿದರು.

ಬೇಕರಿಯವರು: ಹಸಿರು.

ಮೇಡಂ: ಕೆಂಪು.

ರಾಯರು ಅಲ್ಲಿಂದ ಮನೆಗೆ ನಡೆದು ಬಂದರೆನ್ನುವುದು ತಪ್ಪಾದೀತು, ತೇಲಿ ಬಂದರು. ವರಾಂಡದಲ್ಲಿ ಅವರ ಅತ್ತೆ, ಅಂದರೆ ಮೇಡಂ ಅವರ ತಾಯಿ, ಬಟಾಣಿ ಬಿಡಿಸುತ್ತಾ ಕೂತಿದ್ದರು. ಆ ಮುದುಕಿಗೆ ಕಿವಿ ಸ್ವಲ್ಪ ಮಂದ, ನಾಲಿಗೆ ಹಾಗಲ್ಲ.

"ಅತ್ತೇ! ಬೇರೆ ಬೇರೆ ಹಾಕಿದ್ದಾರೆ! ಅವನು ಹಸಿರು, ಇವಳು ಕೆಂಪು!"

"ಯಾವುದಕ್ಕೆ ಅಳಿಯಂದ್ರೇ?"

"ನನ್ನ ಠರಾವಿಗೆ!"

"ನಿಮ್ಮ ಠರಾವಿಗೆ ನಿಮ್ಮ ಹೆಂಡ್ತಿನೇ ಬೇಡ ಅಂದ್ಳಾ?"

"ಹೌದು! ಖಡಾಖಂಡಿತವಾಗಿ ಬೇಡ ಅಂದಿದ್ದಾಳೆ!"

ಅತ್ತೆ ಒಂದು ಬಟಾಣಿಯನ್ನು ಬಾಯಿಗೆ ಹಾಕಿಕೊಂಡು ಅಳಿಯನನ್ನು ದಿಟ್ಟಿಸಿದರು. "ಅದಕ್ಕೆ ನೀವ್ಯಾಕೆ ಕುಣೀತಿದ್ದೀರಿ?"

ರಾಯರು ಅವರ ಮುಂದಿದ್ದ ಬಟಾಣಿಯಲ್ಲಿ ಒಂದು ಹಿಡಿ ಎತ್ತಿ ಬಾಯಿಗೆ ಹಾಕಿಕೊಂಡರು. ಕುಣಿತ ಮಾತ್ರ ನಿಲ್ಲಲಿಲ್ಲ.

ಎರಡನೆಯ ಸಾಲು ಬರೆಯುವವರೆಗೆ ಊರಿನಲ್ಲಿ ಅವರಷ್ಟು ಸುಖಿ ಇನ್ನೊಬ್ಬರಿರಲಿಲ್ಲ. ಎರಡನೆಯ ಸಾಲು ಬೀದಿದೀಪದ್ದು. ಬೇಕರಿಯವರು ಹಸಿರು, ಮೇಡಂ ಹಸಿರು. ಇರಲಿ, ದೀಪ ತಾನೇ ಎಂದುಕೊಂಡರು. ಆಮೇಲೆ ಗ್ರಂಥಾಲಯ: ಅವನೂ ಹಸಿರು, ಇವಳೂ ಹಸಿರು. ನೀರಿನ ಟ್ಯಾಂಕು: ಹಸಿರು, ಹಸಿರು. ಕಸದ ಗಾಡಿ: ಹಸಿರು, ಹಸಿರು. ಸಾಲಿನ ಕೆಳಗೆ ಸಾಲು, ಜೋಡಿಜೋಡಿಯಾಗಿ ಇಳಿಯುತ್ತಿದ್ದ ಆ ಬೊಟ್ಟುಗಳು ರಾಯರ ಕಣ್ಣಿಗೆ ಕೈ ಕೈ ಹಿಡಿದು ಮೆಟ್ಟಿಲಿಳಿಯುವವರಂತೆ ಕಂಡವು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ಹಲಗೆಯ ದರ್ಶನವಾಗದಿದ್ದರೆ ಅವರಿಗೆ ಊಟ ಸೇರದು, ಆದರೂ ಸೇರದು.

ಮುಂದಿನ ಸಭೆಗೆ ಬಸ್ ನಿಲ್ದಾಣದ ಗಡಿಯಾರದ ವಿಷಯ ಬರಲಿತ್ತು. ರಾಯರು ಹಿಂದಿನ ದಿನವೇ ಸಂಧಾನಕ್ಕೆ ಇಳಿದರು.

"ನೋಡು, ಗಡಿಯಾರದ ಠರಾವು ಇದೆಯಲ್ಲ, ಅದನ್ನು ನೀನು ವಿರೋಧಿಸು."

"ಯಾಕ್ರೀ? ಗಡಿಯಾರ ಕೆಟ್ಟು ನಿಂತಿದೆ. ರಿಪೇರಿ ಮಾಡಿಸಬೇಕು."

"ನಿಂತಿದ್ರೆ ನಿಂತಿರ್ಲಿ. ದಿನಕ್ಕೆ ಎರಡು ಸಲ ಸರಿಯಾದ ಟೈಮ್ ತೋರಿಸತ್ತಲ್ಲ. ಅದಕ್ಕಿಂತ ಹೆಚ್ಚು ಟೈಮ್ ಯಾರಿಗೆ ಬೇಕು?"

"ಬಸ್ ಹತ್ತೋರಿಗೆ ಬೇಕು."

"ಅವನಿಗೂ ಬೇಕಂತೆ!"

"ಯಾರಿಗೆ?"

ರಾಯರು ನಾಲಿಗೆ ಕಚ್ಚಿಕೊಂಡರು. "ಯಾರೋ... ಒಬ್ಬ ಪ್ರಯಾಣಿಕನಿಗೆ."

"ರೀ," ಎಂದರು ಮೇಡಂ, "ನನಗೆ ಸರಿ ಕಂಡಿದ್ದಕ್ಕೆ ಕೈ ಎತ್ತೀನಿ. ಪಕ್ಕದಲ್ಲಿ ಇನ್ನೊಂದು ಕೈ ಎದ್ದರೆ ನನ್ನದನ್ನು ಕೆಳಗಿಳಿಸೋಕೆ ಆಗಲ್ಲ."

"ಅಂದ್ರೆ ಪಕ್ಕದಲ್ಲಿ ಕೈ ಏಳೋದನ್ನ ನೋಡ್ತೀಯ!"

ಮೇಡಂ ದೀಪ ಆರಿಸಿ ಮಲಗಿದರು. ಗಡಿಯಾರಕ್ಕೂ ಹಸಿರು ಹಸಿರು ಬಿತ್ತು.

ಇಷ್ಟರಲ್ಲಿ ಚುನಾವಣೆ ಬಂತು. ಮೇಡಂ ಮತ್ತೆ ನಿಂತರು. ಐದು ವರ್ಷ ದುಡಿದಿದ್ದರು. ಚರಂಡಿ ಹರಿಯುತ್ತಿತ್ತು, ದೀಪ ಉರಿಯುತ್ತಿತ್ತು. ಗ್ರಂಥಾಲಯವನ್ನು ಸಂಜೆಯೂ ತೆರೆಸಬೇಕೆಂಬುದು ಅವರ ಬಹುದಿನದ ಆಸೆ; ಈಗ ಅದು ಆಗಿತ್ತು, ಇನ್ನು ಅಲ್ಲಿ ಮಕ್ಕಳಿಗೊಂದು ಕೋಣೆ ಕಟ್ಟಿಸಬೇಕಿತ್ತು. ಅದಕ್ಕೆ ಆ ಸೀಟು ಬೇಕೇ ಬೇಕಿತ್ತು. ಗೆಲ್ಲುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಎದುರಾಳಿಯಾಗಿ ಹಲ್ಲಿನ ಡಾಕ್ಟರು ನಿಂತರು. ನಯವಾದ ಮನುಷ್ಯ. "ಸ್ವಲ್ಪ ಬಾಯಿ ತೆಗೀರಿ, ನೋವಾಗಲ್ಲ," ಎನ್ನುತ್ತಲೇ ಇಕ್ಕಳ ಒಳಗಿಟ್ಟಿರುತ್ತಿದ್ದರು. ಅವರು ಹಲಗೆಯ ಮುಂದೆ ಒಂದು ಮಧ್ಯಾಹ್ನ ನಿಂತು ಮೇಲಿನಿಂದ ಕೆಳಗಿನವರೆಗೆ, ಎಡದಿಂದ ಬಲದವರೆಗೆ ಓದಿ, ಒಂದೇ ಒಂದು ಹುಳುಕು ಹಲ್ಲನ್ನು ಪತ್ತೆಹಚ್ಚಿದರು. ಮಾರನೆಯ ದಿನ ಗೋಡೆಗೋಡೆಯ ಮೇಲೂ ಅವರ ಪೋಸ್ಟರು: 'ಪಾರದರ್ಶಕತೆಗೆ ಇಡೀ ನಗರಸಭೆ ಹಸಿರು. ನಿಮ್ಮ ಮೇಡಂ ಒಬ್ಬರೇ ಕೆಂಪು. ಬಚ್ಚಿಡುವುದು ಏನಿದೆ?'

ವಾರ್ಡು ಗುಸುಗುಸು ಎಂದಿತು. ಮೇಡಂ ಅವರ ಕೈಕೆಳಗೆ ಟೈಪಿಂಗ್ ಕಲಿತವರೂ ಮುಖ ಕೊಟ್ಟು ಮಾತಾಡದಾದರು. ರಾಯರ ಅಂಗಡಿಗೆ ಬಂದ ಗಿರಾಕಿಯೊಬ್ಬ ನೇರವಾಗಿ ಕೇಳಿಯೇಬಿಟ್ಟ. "ರಾಯರೇ, ನೀವೇ ಹೋರಾಡಿ ಹಾಕ್ಸಿದ್ರಿ. ನಿಮ್ಮ ಮನೆಯವರೇ ಬೇಡ ಅಂದ್ರಲ್ಲ, ಒಳಗೆ ಏನಾದ್ರೂ ಗೋಲ್‌ಮಾಲ್ ಇದೆಯಾ?"

ರಾಯರು ಮೊದಲ ಬಾರಿಗೆ ಬೆಚ್ಚಿದರು. ಸಂಜೆ ಮನೆಗೆ ಬಂದವರೇ ಕೇಳಿದರು. "ಲೇ, ಆವತ್ತು ಯಾಕೆ ವಿರುದ್ಧ ಹಾಕಿದೆ?"

"ಇಷ್ಟು ದಿನ ಆದ್ಮೇಲೆ ಈಗ ಕೇಳ್ತಿದ್ದೀರಾ? ಆವತ್ತು ಕುಣಿದ್ರಂತಲ್ಲ."

"ಊರು ಕೇಳ್ತಿದೆ. ಜನಕ್ಕೆ ಏನಾದ್ರೂ ಹೇಳು."

"ಏನಂತ ಹೇಳಲಿ? ಸಭೇಲಿ ಏನು ನಡೆಯತ್ತೆ ಅಂತ ಜನಕ್ಕೆ ಗೊತ್ತಾಗಬೇಕು, ಅದು ನನಗೂ ಗೊತ್ತು. ಆದ್ರೆ ಆ ಅರ್ಜಿ ಬಂದಿದ್ದು ಜನದ ಕಣ್ಣಿಂದ ಅಲ್ಲ, ನಿಮ್ಮ ಕಣ್ಣಿಂದ. ನನ್ನ ಗಂಡ ನನ್ನನ್ನೇ ಕಾಯೋಕೆ ತಂದ ಹಲಗೆಗೆ ನಾನೇ ಕೈ ಎತ್ತಬೇಕಿತ್ತಾ? ಮೈಯೆಲ್ಲ ಉರೀತು, ಕೆಂಪು ಹಾಕಿದೆ. ಇದನ್ನ ಊರ ಮುಂದೆ ಹೇಳ್ಲಾ? ನಿಮ್ಮ ಫೋಟೋ ಬಂದ ಪೇಪರ್‌ಗೇ ಹೇಳ್ಲಾ?"

ರಾಯರ ಮುಖ ಬಿಳಿಚಿತು.

"ಹೇಳಲ್ಲ ಬಿಡಿ," ಎಂದರು ಮೇಡಂ. "ಸೀಟು ಹೋದ್ರೆ ಹೋಗ್ಲಿ. ಗಂಡನ ಮಾನ ತೆಗೆದು ಗೆಲ್ಲೋದು ನನಗೆ ಬೇಡ."

ಆ ರಾತ್ರಿ ರಾಯರ ಎದೆಯಲ್ಲಿ ಒಂದು ತಕ್ಕಡಿ ತೂಗಾಡಿತು. ಒಂದು ತಟ್ಟೆಯಲ್ಲಿ ಹೆಂಡತಿಯ ಸೀಟು, ಇನ್ನೊಂದರಲ್ಲಿ ತಮ್ಮ ಮಾನ. ನ್ಯಾಯವಾಗಿ ಮೊದಲನೆಯದೇ ಕೆಳಗೆ ಬಾಗಬೇಕಿತ್ತು, ಬಾಗುತ್ತಲೂ ಇತ್ತು. ಅಷ್ಟರಲ್ಲಿ ಯಾವುದೋ ದುಷ್ಟ ಕೈ ಎರಡನೆಯ ತಟ್ಟೆಗೆ ಮೆಲ್ಲಗೆ ಇನ್ನೊಂದು ಕಲ್ಲು ಸೇರಿಸಿತು: ಸೀಟು ಹೋದರೆ, ಆ ಬೆಂಚೂ ಹೋಗುತ್ತದೆ. ಬೆಂಚು ಹೋದರೆ ಆ ಮೀಸೆಯೂ... ರಾಯರು ನಾಚಿ ಮಗ್ಗುಲು ಬದಲಿಸಿದರು. ಕಲ್ಲು ಮಾತ್ರ ಅಲ್ಲೇ ಇತ್ತು.

ಮತದಾನಕ್ಕೆ ಮುಂಚಿನ ಭಾನುವಾರ ಶಾಲೆಯ ಹಾಲ್‌ನಲ್ಲಿ ಮತದಾರರ ಮುಂದೆ ಅಭ್ಯರ್ಥಿಗಳ ಪ್ರಶ್ನೋತ್ತರ. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಮಡಚಿಕೊಂಡು ಕೂತಿದ್ದರು. ಅತ್ತೆ ಮುಂದಿನ ಸಾಲು ಹಿಡಿದಿದ್ದರು. ರಾಯರು ಕಿಟಕಿಯ ಪಕ್ಕ, ಯಾರ ಕಣ್ಣಿಗೂ ಬೀಳದಂತೆ. ವೇದಿಕೆಯ ಮೇಲೆ ಹಲ್ಲಿನ ಡಾಕ್ಟರು ನಗುತ್ತಾ ಎದ್ದರು.

"ಮೇಡಂ, ಒಂದೇ ಒಂದು ಸಣ್ಣ ಪ್ರಶ್ನೆ. ಎಲ್ಲ ಸದಸ್ಯರೂ ಬೇಕು ಅಂದ ಪಾರದರ್ಶಕತೆ ನಿಮ್ಮೊಬ್ಬರಿಗೇ ಯಾಕೆ ಬೇಡವಾಯ್ತು?"

ಮೇಡಂ ಎದ್ದರು. "ಅದಕ್ಕೆ ನನ್ನದೇ ಒಂದು ಕಾರಣ ಇತ್ತು. ಅದು ದುಡ್ಡಿನ ಕಾರಣ ಅಲ್ಲ, ಕಳ್ಳತನದ ಕಾರಣವೂ ಅಲ್ಲ. ಅದಕ್ಕಿಂತ ಹೆಚ್ಚು ಹೇಳೋಕೆ ನನಗೆ ಇಷ್ಟ ಇಲ್ಲ."

"ಹೇಳೋಕೆ ಇಷ್ಟ ಇಲ್ಲ!" ಡಾಕ್ಟರು ಜನರ ಕಡೆ ತಿರುಗಿ ಎರಡೂ ಕೈ ಚಾಚಿದರು. "ನೋಡಿದ್ರಲ್ಲ?"

ಹಾಲ್ ಗುಜುಗುಜು ಎಂದಿತು. ಹಿಂದಿನಿಂದ ಯಾರೋ "ಹೇಳ್ಬೇಕು, ಹೇಳ್ಬೇಕು" ಎಂದರು. ಮೇಡಂ ತಲೆ ತಗ್ಗಿಸಲಿಲ್ಲ; ಬಾಯನ್ನೂ ತೆರೆಯಲಿಲ್ಲ. ರಾಯರಿಗೆ ಎದ್ದು ನಿಲ್ಲಬೇಕೆನಿಸಿತು. ಕಾಲು ಒಪ್ಪಲಿಲ್ಲ. ಕಾಲಿಗೂ ಮಾನವಿರುತ್ತದೆ.

ಆಗ ಬಾಗಿಲ ಕಡೆಯಿಂದ ಖಾಲಿ ಡ್ರಮ್ಮಿನಂಥ ದನಿಯೊಂದು ಗುಡುಗಿತು. "ನಾನು ಒಂದು ಮಾತು ಹೇಳಬಹುದಾ? ನಾನು ಪಕ್ಕದ ವಾರ್ಡಿನವನು. ಐದು ವರ್ಷ ಇವರ ಪಕ್ಕದಲ್ಲೇ ಕೂತವನು. ಇವರಂಥ ಪ್ರಾಮಾಣಿಕರನ್ನ ನಾನು ನೋಡಿಲ್ಲ. ಇವರ ಪರವಾಗಿ ನಾನು..."

ಬೇಕರಿಯವರು! ತಮ್ಮ ಹೆಂಡತಿಯ ಪರವಾಗಿ! ಎಲ್ಲರೆದುರಿಗೆ! ಆ ದನಿಯಲ್ಲಿ!

ಮಾನ, ಸೀಟು, ತಟ್ಟೆ, ಕಲ್ಲು ಎಲ್ಲವೂ ಚೆಲ್ಲಾಪಿಲ್ಲಿಯಾದವು. ರಾಯರು ಒಂದೇ ನೆಗೆತಕ್ಕೆ ಒಂದನೇ ತರಗತಿಯ ಬೆಂಚಿನ ಮೇಲೆ ನಿಂತಿದ್ದರು.

"ಅವಳ ಪರವಾಗಿ ಮಾತಾಡೋಕೆ ನಾನಿನ್ನೂ ಬದುಕಿದ್ದೀನಿ!"

ಚಪ್ಪಾಳೆ ಬಿತ್ತು. ಪಾರದರ್ಶಕತೆಯ ವೀರನೇ ಎದ್ದಿದ್ದಾನೆ! ಬೇಕರಿಯವರು ಸೌಜನ್ಯದಿಂದ ಕೂತರು. (ಆ ಸೌಜನ್ಯ ಕಂಡು ರಾಯರಿಗೆ ಇನ್ನಷ್ಟು ಉರಿಯಿತು.)

"ಮಹಾಜನಗಳೇ! ಆ ಹಲಗೆ ತಂದವನು ನಾನು! ಅದರ ಪ್ರತಿಯೊಂದು ಸಾಲೂ ನನಗೆ ಬಾಯಿಪಾಠ! ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ!"

ಡಾಕ್ಟರ ಕಣ್ಣು ಮಿನುಗಿತು. ರೋಗಿ ತಾನಾಗಿಯೇ ಬಾಯಿ ತೆರೆದಿದ್ದಾನೆ. ಹಲಗೆಯ ತುಂಬ ಕೆಂಪು ಬೊಟ್ಟು ಇರುವುದು ಒಂದೇ ಎಂದು ಸ್ವಂತ ಗಂಡನ ಬಾಯಿಂದಲೇ ಹೊರಟರೆ ಇನ್ನೇನು ಬೇಕು?

"ಸಂತೋಷ. ಹಾಗಾದ್ರೆ ಜನಕ್ಕೆ ಹೇಳಿ ರಾಯರೇ. ಬಸ್ ನಿಲ್ದಾಣದ ಗಡಿಯಾರಕ್ಕೆ ಎಷ್ಟು ಹಸಿರು ಬಿತ್ತು?"

"ಎರಡು!" ಎಂದರು ರಾಯರು ತಟ್ಟನೆ.

"ಎರಡಾ?"

"ಎರಡು! ಗ್ರಂಥಾಲಯಕ್ಕೆ ಎರಡು! ಟ್ಯಾಂಕಿಗೆ ಎರಡು! ಕಸದ ಗಾಡಿಗೂ ಎರಡು!"

"ಎರಡೇ ಹಸಿರು ಬಿದ್ರೆ ಠರಾವು ಹೇಗೆ ಪಾಸಾಯ್ತು ಸ್ವಾಮಿ? ಅಧ್ಯಕ್ಷರು ಏನು ಹಾಕಿದ್ರು?"

"ಅಧ್ಯಕ್ಷರಾ?" ರಾಯರು ತಡವರಿಸಿದರು. "ಅವರ ಹೆಸರೂ ಅಲ್ಲಿ ಇದೆಯಾ?"

ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನಿಂದ ಅತ್ತೆ, "ಅಳಿಯಂದ್ರೇ, ಕೂತ್ಕೊಳ್ಳಿ!" ಎಂದರು. ಅಳಿಯಂದಿರು ಕೂರಲಿಲ್ಲ.

ಡಾಕ್ಟರು ಇಕ್ಕಳವನ್ನು ಇನ್ನೊಂದು ಸುತ್ತು ತಿರುವಿದರು. "ರಾಯರೇ, ಗಡಿಯಾರಕ್ಕೆ ಎಲ್ಲರೂ ಹಸಿರೇ ಹಾಕಿದ್ದು. ಗ್ರಂಥಾಲಯಕ್ಕೂ ಎಲ್ಲರೂ ಹಸಿರೇ. ಹಲಗೆ ಬಂದ್ಮೇಲೆ, ಚುನಾವಣೆ ಹತ್ತಿರ ಇರುವಾಗ, ಕೆಂಪು ಹಾಕಿಸಿಕೊಳ್ಳೋ ಧೈರ್ಯ ಯಾರಿಗಿತ್ತು? ಪ್ರತಿಯೊಂದಕ್ಕೂ ಎಲ್ಲರೂ ಹಸಿರು! ಕೆಂಪು ಒಂದೇ ಒಂದು, ಅದು..."

ಆ ಮಾತು ಮುಗಿಯಲಿಲ್ಲ. ರಾಯರ ಮುಖದಲ್ಲಿ ಅದ್ಭುತವಾದದ್ದೇನೋ ನಡೆಯುತ್ತಿತ್ತು. ಬಹುಕಾಲದಿಂದ ಜಾಮ್ ಆಗಿದ್ದ ತಕ್ಕಡಿಯ ಮುಳ್ಳು ತಟಕ್ಕನೆ ಬಿಟ್ಟುಕೊಂಡು ನಡುವಿಗೆ ಬಂದಂತೆ ಹುಬ್ಬು ಸಡಿಲವಾಯಿತು, ಬಾಯಿ ಅರಳಿತು.

"ಎಲ್ಲರೂನಾ?" ಎಂದರು ಪಿಸುದನಿಯಲ್ಲಿ. "ಅಧ್ಯಕ್ಷರೂ ಹಸಿರಾ?"

"ಹೌದು."

"ಎಲ್ಲಾ ವಾರ್ಡಿನವರೂ? ಎಲ್ಲಾ ಠರಾವಿಗೂ?"

"ಎಲ್ಲರೂ ಅಂದ್ನಲ್ಲ."

ರಾಯರು ಬೆಂಚಿನ ಮೇಲಿಂದ ಎರಡೂ ಕೈ ಆಕಾಶಕ್ಕೆತ್ತಿ, ಇಡೀ ಹಾಲ್ ಮಾರ್ದನಿಸುವಂತೆ ಕೂಗಿದರು. "ಹಾಗಾದ್ರೆ ಅವರಿಬ್ರೇ ಅಲ್ಲ!"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಜನ ರಾಯರನ್ನು ನೋಡಿದರು. ರಾಯರು ನೋಡುತ್ತಿದ್ದ ಬಾಗಿಲ ಕಡೆ ನೋಡಿದರು. ಅಲ್ಲಿ ಬೇಕರಿಯವರ ಮೀಸೆಯ ತುದಿಗಳೆರಡೂ ಗಾಬರಿಯಿಂದ ಕೆಳಗಿಳಿದಿದ್ದವು. ಆಮೇಲೆ ಮೇಡಂ ಅವರ ಕಡೆ ನೋಡಿದರು. ಆಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಭುಜ ಮಾತ್ರ ಕುಲುಕುತ್ತಿತ್ತು, ಅಳುವಿಗೋ ನಗುವಿಗೋ ಹೇಳಲಾಗದಂತೆ.

ಮೊದಲು ನಕ್ಕವರು ಗದ್ಗದಿತರಾಗಿದ್ದ ಆ ನಿವೃತ್ತ ಮೇಷ್ಟರೇ. ಆಮೇಲೆ ಹಾಲ್ ಸಿಡಿಯಿತು. ಬೆಂಚು ಬಡಿದರು, ತೊಡೆ ತಟ್ಟಿದರು. ಒಬ್ಬ ಕಣ್ಣೊರೆಸಿಕೊಳ್ಳುತ್ತಾ, "ಅಯ್ಯೋ ಮೇಡಂ, ಇದಕ್ಕಾ ಕೆಂಪು ಹಾಕಿದ್ದು? ನಾನಾಗಿದ್ರೆ ಎರಡು ಹಾಕ್ತಿದ್ದೆ!" ಎಂದ. ಹೆಂಗಸರ ಸಾಲಿನಿಂದ, "ನಮ್ಮನೇಲೂ ಒಬ್ರಿದ್ದಾರೆ, ಅವರಿಗೂ ಒಂದು ಹಲಗೆ ಕೊಡ್ಸಿ!" ಎಂಬ ಕೂಗು. ಕಿವಿ ಮಂದವಾದ ಅತ್ತೆ ಪಕ್ಕದವರನ್ನು, "ಏನಂದ್ರು, ಏನಂದ್ರು?" ಎಂದು ಕೇಳಿ, ಅವರು ಕಿವಿಯಲ್ಲಿ ಹೇಳಿದ್ದನ್ನು ಕೇಳಿ, ಎಲ್ಲರೂ ನಕ್ಕು ಮುಗಿದ ಮೇಲೆ ಒಬ್ಬರೇ ಮತ್ತೆ ಮೊದಲಿಂದ ನಗಲು ಶುರುಮಾಡಿದರು.

ಹಲ್ಲಿನ ಡಾಕ್ಟರು ಇಕ್ಕಳ ಹಿಡಿದು ಎಳೆದಿದ್ದೇನೋ ಹೌದು; ಬಂದದ್ದು ಬೇರೆ ಹಲ್ಲು. ಅವರು ಮೆಲ್ಲಗೆ ಕೂತರು.

ಮತದಾನದ ದಿನದ ಹೊತ್ತಿಗೆ ಪೋಸ್ಟರನ್ನು ಯಾರೂ ಓದುತ್ತಿರಲಿಲ್ಲ, ಓದಿದವರೂ ನಗುತ್ತಿದ್ದರು. ರಾಯರು ಮಾತ್ರ ತಲೆಯೆತ್ತಿ ನಡೆದು ಮತಗಟ್ಟೆಗೆ ಹೊರಟರು. ಮಾನ ಹೋಗಿದ್ದರೇನು, ಅನುಮಾನವೂ ಹೋಗಿತ್ತು. ಎದೆ ಹಗುರ, ಹೆಜ್ಜೆ ಹಗುರ. ಹೆಂಡತಿಯ ಹೆಸರಿನ ಮುಂದೆ ಮುದ್ರೆ ಒತ್ತುವ ಕೈಯನ್ನು ಹಿಂದಿನ ದಿನದಿಂದಲೇ ಸಿದ್ಧವಾಗಿಟ್ಟುಕೊಂಡಿದ್ದರು.

ಸಾಲಿನಲ್ಲಿ ನಿಂತು, ಇನ್ನೇನು ಒಳಗೆ ಹೋಗಬೇಕು, ಆಗ ಬೇಲಿಯಾಚೆ ಕಂಡಿತು. ಟೀ ಅಂಗಡಿಯ ಮುಂದೆ ಮೇಡಂ ನಿಂತಿದ್ದರು. ಅವರ ಎದುರಿಗೆ ತಮ್ಮ ವಾರ್ಡಿನಿಂದ ಬಿಡುವು ಮಾಡಿಕೊಂಡು ಬಂದಿದ್ದ ಬೇಕರಿಯವರು. ಬೇಕರಿಯವರು ಏನೋ ಹೇಳಿದರು. ಮೇಡಂ ನಕ್ಕರು.

ಪೂರ್ತಿ ಹಲ್ಲು ಕಾಣಿಸಿತು.

ಒಳಗೆ ರಟ್ಟಿನ ಮರೆಯ ಹಿಂದೆ ರಾಯರು ಎಷ್ಟು ಹೊತ್ತು ನಿಂತಿದ್ದರೆಂದರೆ, ಅಧಿಕಾರಿ ಎರಡು ಸಲ ಕೆಮ್ಮಿ, ಮೂರನೆಯ ಸಲ, "ಒಳಗಿರೋರು ಹುಷಾರಾಗಿದ್ದೀರಾ?" ಎಂದು ಕೂಗಿ ಕೇಳಿದರು. ಆ ರಟ್ಟಿನ ಮರೆಯಲ್ಲಿ ಐದು ವರ್ಷದ ಬೆಂಚೊಂದು ರಾಯರ ಕಣ್ಣಮುಂದೆ ಬಂದು ಹೋಯಿತೋ, ಗ್ರಂಥಾಲಯದ ಮಕ್ಕಳ ಕೋಣೆ ಬಂದು ಹೋಯಿತೋ, ಮುದ್ರೆ ಯಾವ ಹೆಸರಿನ ಮೇಲೆ ಎಷ್ಟು ಹೊತ್ತು ತೂಗಾಡಿತೋ ಬಲ್ಲವರಿಲ್ಲ. ಹೊರಗೆ ಬಂದಾಗ ಅವರ ಹಣೆಯಲ್ಲಿ ಬೆವರಿತ್ತು.

ಮೇಡಂ ಗೆದ್ದರು. ಭರ್ಜರಿಯಾಗಿಯೇ ಗೆದ್ದರು. ಪಕ್ಕದ ವಾರ್ಡಿನಲ್ಲಿ ಬೇಕರಿಯವರೂ ಗೆದ್ದು, ಬನ್ನಿನ ದೊಡ್ಡ ಪೊಟ್ಟಣವೊಂದನ್ನು ಮನೆಗೆ ಕಳಿಸಿಕೊಟ್ಟರು. ಸಂಜೆ ಬಂದವರೆಲ್ಲ ಹೋದ ಮೇಲೆ ಮೂವರೂ ವರಾಂಡದಲ್ಲಿ ಕೂತರು. ಅತ್ತೆ ಬನ್ನು ತಿನ್ನುತ್ತಿದ್ದರು. ರಾಯರು ಬನ್ನನ್ನು ನೋಡುತ್ತಿದ್ದರು. ಮೇಡಂ ರಾಯರನ್ನು ನೋಡುತ್ತಿದ್ದರು.

"ರೀ, ಮತಗಟ್ಟೆ ಒಳಗೆ ತುಂಬಾ ಹೊತ್ತು ಇದ್ರಂತೆ?"

"ಕನ್ನಡಕ ಮಂಜಾಗಿತ್ತು."

"ಕನ್ನಡಕ ಮನೇಲೇ ಇತ್ತಲ್ಲ."

"ಅದಕ್ಕೇ ಹೊತ್ತಾಯ್ತು."

"ಹೋಗ್ಲಿ ಬಿಡಿ," ಎಂದರು ಮೇಡಂ. ಇನ್ನಷ್ಟು ಹತ್ತಿರ ಸರಿದು ಕೂತು, ತಲೆ ವಾರೆ ಮಾಡಿ, ನಗು ತಡೆದುಕೊಂಡು ಕೇಳಿದರು. "ನಿಜ ಹೇಳಿ. ನನಗೆ ತಾನೇ ಹಾಕಿದ್ದು?"

"ಹೇಳಿ ಅಳಿಯಂದ್ರೇ," ಎಂದರು ಅತ್ತೆ, ಬಾಯ್ತುಂಬ ಬನ್ನು ಇಟ್ಟುಕೊಂಡೇ. "ಊರಲ್ಲಿ ಯಾರ್ಯಾರು ಯಾವುದಕ್ಕೆ ಕೈ ಎತ್ತಿದ್ರು ಅಂತ ಬಾಗಿಲಲ್ಲೇ ಬರ್ಸಿದವರು ನೀವು. ಜನಕ್ಕೆ ತಿಳಿಯೋ ಹಕ್ಕಿದೆ!"

ರಾಯರು ಎದೆ ಉಬ್ಬಿಸಿ ಉಸಿರೆಳೆದುಕೊಂಡರು. ಮನವಿಪತ್ರ ಹಿಡಿದು ಬೀದಿಬೀದಿ ತಿರುಗಿದಾಗಿನ ಆ ತೇಜಸ್ಸು ಒಮ್ಮೆ ಮುಖದ ಮೇಲೆ ಹಾದುಹೋಯಿತು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಅದು ಗುಪ್ತ ಮತದಾನ ಕಣೇ," ಎಂದರು.